‘ಈಗ ಬೇಡ’ ಎಂದ ಕೈಗಳಿಗೆ ವಂದನೆ

ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ದಿನ ತುಂಬದ ಕೂಸುಗಳಿಗೆ ಆಸ್ಟಿಯೋಪತಿಯ, ಅಂದರೆ ಕೈಯಿಂದಲೇ ಮೈಯ ಬಿಗಿತ ಸಡಿಲಿಸುವ ಪದ್ಧತಿಯ, ಸ್ಪರ್ಶ ಚಿಕಿತ್ಸೆ ಕೊಡುವ ನಮ್ಮ ಕೆಲಸಕ್ಕೆ ಈ ವಾರ ಒಂದು ವರ್ಷ ತುಂಬಿತು. ಒಳಗೆ ಬರಮಾಡಿಕೊಂಡ ಎಲ್ಲರಿಗೂ ನಾವು ಋಣಿಗಳು. ಆದರೂ ಮೊದಲ ನಮಸ್ಕಾರ ಇನ್‌ಕ್ಯುಬೇಟರಿನ ಮುಂದೆ ನಿಂತು ‘ಈಗ ಬೇಡ’ ಎಂದ ಸಿಸ್ಟರ್‌ಗಳಿಗೆ.

ಆ ಮಾತಿನ ಬೆಲೆ ದೊಡ್ಡದು. 32 ವಾರಕ್ಕೂ ಮೊದಲೇ ಹುಟ್ಟಿದ ಮಗುವಿನ ಮೆದುಳಿನ ಒಳಭಾಗದ ರಕ್ತನಾಳಗಳು ತೀರಾ ಎಳೆಯವು. ರಕ್ತದೊತ್ತಡ ಏರಿಳಿದರೆ ಒಡೆದುಬಿಡಬಹುದು, ಅದರಲ್ಲೂ ಮೊದಲ 72 ಗಂಟೆ ಹೆಚ್ಚು ಅಪಾಯ. ಆ ಮೂರು ದಿನ ತಲೆಯನ್ನು ನಡುವಿಗೆ ನೇರವಾಗಿ ಇಟ್ಟು, ಆದಷ್ಟು ಮುಟ್ಟದೆ ಬಿಡುವುದೇ ಆರೈಕೆ. ಅಲ್ಲಿ ನಮ್ಮ ಕೈಗೆ ಕೆಲಸವಿಲ್ಲ. ಆಮೇಲೂ ಹಾಲು ಕೊಟ್ಟ ಕೂಡಲೇ ಮುಟ್ಟಿದರೆ ಕಕ್ಕುತ್ತದೆ, ಗಾಢ ನಿದ್ದೆಯಲ್ಲಿ ಮುಟ್ಟಿದರೆ ಬೆಳೆಯಲು ಬೇಕಾದ ನಿದ್ದೆ ಹಾಳು. ಡೈಪರ್ ಬದಲಿಸುವುದು, ಜ್ವರ ನೋಡುವುದು, ಹಾಲು ಕೊಡುವುದು ಎಲ್ಲವನ್ನೂ ಒಟ್ಟಿಗೆ ಮುಗಿಸಿ ಮಗುವಿಗೆ ಉದ್ದನೆಯ ಬಿಡುವು ಮಾಡಿಕೊಡುವ ಸಿಸ್ಟರ್‌ಗಳು ಆ ಲೆಕ್ಕಾಚಾರದಲ್ಲಿ ನಮಗೂ ಅರ್ಧ ಗಂಟೆ ಹೊಂದಿಸಿಕೊಟ್ಟರು. ವಾರಕ್ಕೆ ಎರಡು ಸಲ, ಪ್ರತಿ ಸಲ 30 ನಿಮಿಷ. ಮೊದಲ ಹತ್ತು ನಿಮಿಷ ಕೈಯಿಟ್ಟು ಪರೀಕ್ಷೆ, ಉಳಿದ ಇಪ್ಪತ್ತು ಚಿಕಿತ್ಸೆ.

ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಉಂಗುರ, ಗಡಿಯಾರ ಬಿಚ್ಚಿ, ಮೊಣಕೈವರೆಗೆ ತೋಳು ಮಡಚಿ, 40ರಿಂದ 60 ಸೆಕೆಂಡು ಸೋಪಿನಲ್ಲಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಹಾಕಿದರೆ ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಕೈ ತಣ್ಣಗಿರುತ್ತದೆ, ಅದರ ಆವಿಯೂ ಮುಚ್ಚಿದ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಒಂದು ಅಂಗೈ ಬೆನ್ನಿನ ಬುಡದ ಮೂಳೆಯ ಕೆಳಗೆ, ಇನ್ನೊಂದು ಹಿಂದಲೆಯ ಕೆಳಗೆ. ಸವರುವುದಿಲ್ಲ, ಉಜ್ಜುವುದಿಲ್ಲ. ಬೆರಳಾಡಿಸಿದರೆ ಈ ಮಕ್ಕಳಿಗೆ ಹಿತವಲ್ಲ, ಕಿರಿಕಿರಿ; ಅಲುಗದೆ ನಿಂತ ಬೆಚ್ಚನೆಯ ಅಂಗೈ ಹಿತ. ಬೆರಳಿನ ಸುತ್ತ ಚರ್ಮ ಬಿಳುಚಿಕೊಂಡರೆ ಒತ್ತು ಆಗಲೇ ಹೆಚ್ಚಾಯಿತು ಎಂದರ್ಥ. ನೆತ್ತಿಯ ಮೆದುಭಾಗವನ್ನು ಒತ್ತುವ ಮಾತೇ ಇಲ್ಲ. ಬಿಗಿತ ಎಲ್ಲಿದೆಯೋ ಅದಕ್ಕೆ ಎದುರಾಗಿ ತಳ್ಳದೆ, ಮೈ ತಾನಾಗಿ ಸಡಿಲವಾಗುವ ಕಡೆಗೇ ಕೈ ಹಿಂಬಾಲಿಸಿ ಅಲ್ಲೇ ಕಾಯುತ್ತದೆ.

ಕೈ ಹುಡುಕುವ ಜಾಗಗಳು ಕೆಲವೇ. ಪಕ್ಕೆಲುಬು ಇನ್ನೂ ಮೆದು, ಹಾಗಾಗಿ ಪ್ರತಿ ಉಸಿರಿಗೂ ಎದೆ ಒಳಕ್ಕೆ ಸೆಳೆಯುತ್ತದೆ, ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು ವಪೆ ದಣಿಯುತ್ತದೆ. ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿಗೆ ನೆರವಾಗುವ ಸಿಪ್ಯಾಪ್‌ನ ಗಾಳಿ ಹೊಟ್ಟೆಗೂ ಹೋಗಿ ಉಬ್ಬರ. ಕೊಳವೆ, ಟೇಪು ಎಳೆದ ಕಡೆಗೇ ಕತ್ತು ಬಾಗಿರುತ್ತದೆ. ಟೇಪಿನ ಅಂಚಿಗೆ ಬೆರಳು ತಗುಲಬಾರದು, ಎಳೆಚರ್ಮ ಅದರ ಜೊತೆಗೇ ಕಿತ್ತು ಬರುತ್ತದೆ.

ಎಡವಟ್ಟಾಗುವುದು ಬಹುತೇಕ ಕೈ ತೆಗೆಯುವಾಗ. ಥಟ್ಟನೆ ತೆಗೆದರೆ ಮಗು ಬೆಚ್ಚಿ ಕೈಕಾಲು ಚಾಚುತ್ತದೆ, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯುತ್ತದೆ. ಬೆರಳು ಅಗಲಿಸುವುದು, ಬಿಕ್ಕಳಿಕೆ, ಮೇಲಿಂದ ಮೇಲೆ ಆಕಳಿಕೆ, ಮೈ ಬಣ್ಣ ಚುಕ್ಕೆಚುಕ್ಕೆಯಾಗುವುದು ಇವೆಲ್ಲ ‘ಸಾಕು’ ಎನ್ನುವ ಭಾಷೆ. ಈ ಭಾಷೆ ನಮಗೆ ಕಲಿಸಿದ್ದು ಸಿಸ್ಟರ್‌ಗಳು. ಕಾಲು ಮಡಚಿದಾಗ ಆ ಮಟ್ಟ ಅಳೆಯಲು ಪಾದಕ್ಕೆ ಕಟ್ಟಿದ ಪ್ರೋಬ್ ಸರಿದು ಮಾನಿಟರ್ ಕೂಗುವುದೂ ಉಂಟು; ಮೊದಲು ಮಗುವಿನ ತುಟಿಯ ಬಣ್ಣ ನೋಡಿ, ಆಮೇಲೆ ಪ್ರೋಬ್ ನೋಡಿ ಎಂದು ಹೇಳಿಕೊಟ್ಟವರೂ ಅವರೇ. ಎದೆಬಡಿತ 100ಕ್ಕಿಂತ ಇಳಿದರೆ ಅಥವಾ ಉಸಿರು ನಿಂತರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ, ಮಗು ಅವರ ಕೈಗೆ.

ಡಾಕ್ಟರುಗಳಿಗೆ ಕೃತಜ್ಞತೆ ಹೇಳಬೇಕಾದ್ದು ಅವರು ಕೇಳಿದ ಗಟ್ಟಿ ಪ್ರಶ್ನೆಗಳಿಗೆ. ಇಟಲಿಯ ಮೂರು ಎನ್‌ಐಸಿಯುಗಳಲ್ಲಿ 695 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದ ಮಕ್ಕಳು ಸರಾಸರಿ ಸುಮಾರು ನಾಲ್ಕು ದಿನ ಮೊದಲು ಮನೆಗೆ ಹೋದರು. ತೂಕ ಏರುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಒಟ್ಟಿಗೇ ಹೇಳಿ ಎಂದು ಡಾಕ್ಟರುಗಳು ಪಟ್ಟು ಹಿಡಿದರು, ಅದೇ ಸರಿ. ಶ್ವಾಸಕೋಶ ಅರಳಿಸುವುದು ಸರ್ಫ್ಯಾಕ್ಟಂಟ್ ಎಂಬ ಔಷಧಿ, ಉಸಿರು ಮರೆಯದಂತೆ ಕಾಯುವುದು ಕೆಫೀನ್, ಕರುಳು ಕಾಯುವುದು ತಾಯಿಹಾಲು. ನಮ್ಮ ಕೈ ಅವುಗಳ ಪಕ್ಕದಲ್ಲಿ ನಿಲ್ಲುವಂಥದ್ದು, ಅವುಗಳ ಬದಲಿಗೆ ಬರುವಂಥದ್ದಲ್ಲ. ಯಾವ ತಂದೆತಾಯಿಗೂ ಇದಕ್ಕಿಂತ ಹೆಚ್ಚಿನ ಆಸೆ ಹುಟ್ಟಿಸಬಾರದು.

ಇನ್ನು ಅಮ್ಮಂದಿರು, ಅಪ್ಪಂದಿರು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಕಾಂಗರೂ ಆರೈಕೆಯನ್ನು (ಮಗುವನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆಗವಚಿಕೊಳ್ಳುವುದು) ದಿನಕ್ಕೆ 8ರಿಂದ 24 ಗಂಟೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಹೊತ್ತು ಎದೆಗವಚಿಕೊಂಡು ಕೂತ ನಿಮ್ಮ ಮುಂದೆ ನಮ್ಮ ಅರ್ಧ ಗಂಟೆ ಎಷ್ಟರದು! ನಿಮ್ಮ ಎದೆಯ ಮೇಲಿದ್ದ ಮಗುವನ್ನು ನಮಗಾಗಿ ಎತ್ತಿಕೊಟ್ಟು ಕಳಿಸುವ ಅಗತ್ಯ ಯಾವತ್ತೂ ಇಲ್ಲ. ಅಲ್ಲಿಯೇ ಬೆನ್ನ ಮೇಲೆ ಕೈಯಿಡಲು ಬಿಟ್ಟಿರಿ, ಇಲ್ಲವೇ ‘ನಾಳೆ ಬನ್ನಿ’ ಎಂದಿರಿ. ಎರಡಕ್ಕೂ ಧನ್ಯವಾದ. ಒಂದು ಅಂಗೈ ತಲೆಗೆ, ಇನ್ನೊಂದು ಮಡಚಿದ ಪಾದಗಳಿಗೆ ಕೊಟ್ಟು, ಹೊಟ್ಟೆಯಲ್ಲಿದ್ದ ಹಾಗೆ ಮುದುಡಿಸಿ ಹಿಡಿಯುವುದನ್ನು ನೀವು ಎಷ್ಟು ಬೇಗ ಕಲಿತಿರಿ! ಹಿಮ್ಮಡಿಗೆ ಸೂಜಿ ಚುಚ್ಚುವಾಗ ಆ ಹಿಡಿತಕ್ಕೆ ಮಗುವಿನ ನೋವು ತಗ್ಗುತ್ತದೆ.

ಕೊನೆಯದಾಗಿ, ರಾತ್ರಿ ಪಾಳಿಯವರಿಗೆ. ಇನ್‌ಕ್ಯುಬೇಟರಿನ ಕಿಟಕಿ ‘ಟಕ್’ ಎಂದು ಮುಚ್ಚಿದರೆ ಹೊರಗೆ ಸಣ್ಣ ಸದ್ದು, ಒಳಗಿನ ಮಗುವಿಗೆ ದೊಡ್ಡದು. ಚಿಲಕವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬಾಗಿಲನ್ನು ಪೂರ್ತಿ ಕೂರಿಸಿ, ಆಮೇಲೆ ಹೆಬ್ಬೆರಳನ್ನು ಮೆಲ್ಲಗೆ ಬಿಡುವುದನ್ನು ನೀವು ತೋರಿಸಿಕೊಟ್ಟಿರಿ. ಈಗ ನಾವೂ ಹಾಗೆಯೇ ಮುಚ್ಚುತ್ತೇವೆ.