ಗೋವಾಕ್ಕೆ ನಾನು ಬರಲ್ಲ, ನೀನೇ ಊರಿಗೆ ಬಾ

ದೋಸ್ತಾ,

ನಿನ್ನ ಮೆಸೇಜು ಬಂದು ನಾಲ್ಕು ದಿನ ಆಯ್ತು. ನೀಲಿ ಟಿಕ್ ಬಿದ್ದಿದ್ದು ನೋಡಿ ಬೈದುಕೊಂಡಿರುತ್ತೀಯ ಅಂತ ಗೊತ್ತು. "ಈ ಸಲ ಕ್ರಿಸ್‌ಮಸ್‌ಗೆ ಗೋವಾ. ರೂಮ್ ನಾನು ನೋಡ್ತೀನಿ. ನಿಮ್ಮ ಹಬ್ಬ ತಾನೇ, ಅಲ್ಲಿ ಜೋರಿರುತ್ತೆ" ಅಂತ ಬರೆದಿದ್ದೆ. ಇದಕ್ಕೆ ಒಂದು ಸಾಲಲ್ಲಿ ಉತ್ತರ ಕೊಟ್ಟರೆ ನೀನು ಮತ್ತೆ ಹತ್ತು ಸಾಲು ವಾದ ಮಾಡುತ್ತೀಯ. ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ನಿನ್ನೊಬ್ಬನಿಗೇ ಕಳಿಸಿದರೆ ಅರ್ಧ ಓದಿ ಬಿಡುತ್ತೀಯ, ನಾಲ್ಕು ಜನ ಓದಿ "ಏನಂತೆ ನಿನ್ನ ಗೆಳೆಯಂದು" ಅಂತ ಕೇಳಿದರೆ ಆಗ ಪೂರ್ತಿ ಓದುತ್ತೀಯ.

ನಾನು ಬರಲ್ಲ. ಗೋವಾದ ಮೇಲೆ ಕೋಪ ಏನಿಲ್ಲ. ಅಲ್ಲಿಯ ಮನೆಗಳಲ್ಲೂ ಕ್ರಿಸ್‌ಮಸ್ ಬೊಂಬೆಗಳ ಗೋದಲಿ ಕಟ್ಟಿರುತ್ತಾರೆ, ದೊದೊಲ್ ಅನ್ನೋ ಸಿಹಿ ಕಲಸಿ ಕೈ ಸೋತಿರುತ್ತದೆ, ಅಜ್ಜಿಯಂದಿರು ಮೊಮ್ಮಕ್ಕಳನ್ನು ಬೈಯುತ್ತಿರುತ್ತಾರೆ. ಆದರೆ ರೂಮ್ ಮಾಡಿಕೊಂಡು ಹೋದವರಿಗೆ ಅದು ಯಾವುದೂ ಸಿಗಲ್ಲ. ಬೀಚು, ಟ್ರಾಫಿಕ್ಕು, ಬಿಲ್ಲು. ಅಷ್ಟಕ್ಕೆ ಡಿಸೆಂಬರ್ 24 ಯಾಕೆ, ಫೆಬ್ರವರಿಯಲ್ಲಿ ಹೋಗೋಣ ಬಿಡು, ರೂಮೂ ಅಗ್ಗ.

ಇನ್ನೊಂದು ನಿಜ ಹೇಳಲಾ? ನನಗೆ 25ನೇ ತಾರೀಕು ಅಷ್ಟೇನೂ ಇಷ್ಟ ಇಲ್ಲ. ಅವತ್ತು ಕಣ್ಣು ಉರಿಯುತ್ತಿರುತ್ತದೆ, ಫೋನು ಬಿಡದೆ ಬಡಿದುಕೊಳ್ಳುತ್ತದೆ, ಮಟನ್ ತಿಂದು ಮಧ್ಯಾಹ್ನ ಮಲಗಿದರೆ ಏಳುವಾಗ ಹಬ್ಬ ಮುಗಿದಿರುತ್ತದೆ. ನನಗೆ ಬೇಕಾಗಿರುವುದು ಅದರ ಹಿಂದಿನ ಹನ್ನೆರಡು ದಿನ. ಆ ಹನ್ನೆರಡು ದಿನ ಶುರುವಾಗುವುದು ರಾಗಿಯಿಂದ, ಅದು ನಿನಗೂ ನೆನಪಿರಬೇಕು.

ನಾಡಿದ್ದು ರಾಗಿ ಹಾಕಬೇಕು. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂತಿ ತೋರಿಸಿದ ಮೇಲೆ ತಟ್ಟೆಯಲ್ಲಿ ಕೆಂಪು ಮಣ್ಣು ಹರಡಿ ಒತ್ತೊತ್ತಾಗಿ ಚೆಲ್ಲುವುದು. ಮೇಲೆ ಒದ್ದೆ ಗೋಣಿತಾಟು. 24ಕ್ಕೆ ಸರಿಯಾಗಿ ಒಂದು ಬೆರಳುದ್ದ ಹಸಿರು ಹುಲ್ಲು ನಿಂತಿರಬೇಕು, ಅದು ಗೋದಲಿಯ ಮುಂದಿನ ಹುಲ್ಲುಗಾವಲು. ಮುಂಚೆ ಹಾಕಿದರೆ ಉದ್ದ ಬೆಳೆದು ಮಲಗಿಬಿಡುತ್ತದೆ. ತಡ ಮಾಡಿದರೆ ನಮ್ಮೂರಿನ ಡಿಸೆಂಬರ್ ಚಳಿಗೆ ಮೇಲೇಳುವುದೇ ಇಲ್ಲ. ಗೋಣಿತಾಟು ತೆಗೆಯೋದು ಮರೆತರೆ ಹಳದಿ ಬಣ್ಣಕ್ಕೆ ತಿರುಗಿ ಕಾಮಾಲೆ ರೋಗಿ ಥರ ಕಾಣುತ್ತದೆ. ಹೋದ ವರ್ಷ ನೀರು ಹಾಕುವ ಕೆಲಸ ಮಗಳಿಗೆ ವಹಿಸಿದ್ದೆ. ಎರಡು ದಿನ ಹಾಕಿದಳು, ಆಮೇಲೆ ಅಮ್ಮನೇ ಹಾಕಿದಳು.

ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ಗೋದಲಿಯೇ. ಯೇಸು ಬೆತ್ಲೆಹೇಮಿನಲ್ಲಿ ಹುಟ್ಟಿದಾಗ ಮಲಗಿಸಿದ್ದು ಅದರಲ್ಲಿ ಅಂತ ಕ್ರಿಸ್‌ಮಸ್‌ಗೆ ಬೊಂಬೆ ಜೋಡಿಸಿ ಮಾಡುವ ಇಡೀ ಕೊಟ್ಟಿಗೆಗೂ ನಾವು ಅದೇ ಹೆಸರು ಹೇಳುತ್ತೇವೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ್ದರಂತೆ. ಮನೆಮನೆಯ ಗೋದಲಿಯ ಮೂಲ ಅಲ್ಲಿದೆ. ನಮ್ಮ ಮನೆಯದು ಮಾತ್ರ ಚಿತ್ರದುರ್ಗದ ಮೂಲದ್ದು.

ಯಾಕೆಂದರೆ ಅಜ್ಜ ದುರ್ಗದವನು. ಹತ್ತಿ ಮಿಲ್ಲಿನ ಕೆಲಸಕ್ಕೆ ಅಂತ ದಾವಣಗೆರೆಗೆ ಬಂದ. ಆಗ ಎರಡೂ ಒಂದೇ ಜಿಲ್ಲೆ. 1997ರಲ್ಲಿ ಬೇರೆ ಆದವು, ಅಜ್ಜ ಮಾತ್ರ ಕೊನೆಯವರೆಗೂ ವಿಳಾಸದಲ್ಲಿ "ಚಿತ್ರದುರ್ಗ ಜಿಲ್ಲೆ" ಅಂತಲೇ ಬರೆದ, ಪೋಸ್ಟ್‌ಮ್ಯಾನ್ ಪಾಪ ಏನೂ ಹೇಳುತ್ತಿರಲಿಲ್ಲ. ಅವನಿಗೆ ಬೆಟ್ಟ ಅಂದರೆ ಒಂದೇ ಥರದ ಬೆಟ್ಟ ಗೊತ್ತಿತ್ತು. ಒಂದರ ಮೇಲೊಂದು ಕೂತ ಬಂಡೆ, ಈಗ ಉರುಳುತ್ತೋ ಆಮೇಲೆ ಉರುಳುತ್ತೋ ಅನ್ನುವ ಹಾಗೆ. ಸಿಮೆಂಟ್ ಚೀಲದ ಕಂದು ಕಾಗದವನ್ನು ಮುದುಡಿ, ಮೈದಾ ಅಂಟು ಬಳಿದು, ಅದರ ಮೇಲೆ ಇಟ್ಟಿಗೆ ಪುಡಿ, ಬೂದಿ ಉದುರಿಸಿ ಒಣಗಿಸುತ್ತಿದ್ದ. ನೋಡಿದವರು "ಇದು ಬೆತ್ಲೆಹೇಮಾ, ಕೋಟೆನಾ" ಅಂತ ಕೇಳುತ್ತಿದ್ದರು. ಬೆಟ್ಟದ ಮೇಲೆ ಹಿಮ ಬೇರೆ! ಮಿಲ್ಲಿನಿಂದ ಜೇಬಲ್ಲಿ ತುಂಬಿಕೊಂಡು ಬಂದ ಹತ್ತಿ. ಒಂದು ವರ್ಷ ಹತ್ತಿ ಸಿಗದೆ ನಾನೂ ನೀನೂ ಮಂಡಕ್ಕಿ ಚೆಲ್ಲಿದ್ದೆವು, ನೆನಪಿದೆಯಾ? ದಾವಣಗೆರೆಯಲ್ಲಿ ಮಂಡಕ್ಕಿಗೇನು ಬರ. ಬೆಳಗ್ಗೆ ಎದ್ದು ನೋಡಿದರೆ ಹಿಮವೆಲ್ಲ ಇಲಿ ತಿಂದು, ಒಬ್ಬ ಕುರುಬನನ್ನೂ ಕೆಡವಿ ಹೋಗಿತ್ತು.

ಇನ್ನು ಅಸಲಿ ವಿಷಯಕ್ಕೆ ಬರುತ್ತೇನೆ. ಅಜ್ಜನ ಬೆಟ್ಟದ ಎಡಗಡೆ ಎರಡು ಬಂಡೆ ನಡುವೆ ಒಂದು ಸಂದು ಬಿಟ್ಟಿರುತ್ತಿದ್ದ. ನಾವಾಗ ನಾಲ್ಕನೇ ಕ್ಲಾಸು. ಸ್ಕೂಲಿನಿಂದ ದುರ್ಗಕ್ಕೆ ಪ್ರವಾಸ ಹೋಗಿಬಂದಿದ್ದೆವು. ನೀನು ಆ ಸಂದನ್ನೇ ನೋಡುತ್ತಾ ನಿಂತವನು, "ಅಜ್ಜಾ, ಮಗು ಯೇಸುವನ್ನ ಕೊಲ್ಲೋಕೆ ಹೆರೋದ ರಾಜನ ಸೈನಿಕರು ಈ ಕಿಂಡಿಯಿಂದ ನುಗ್ಗಿದರೆ ಏನ್ ಮಾಡ್ತೀರಿ" ಅಂದೆ. ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. ಮಾರನೇ ದಿನ ನೀನು ಜೇಡಿಮಣ್ಣಲ್ಲಿ ಒಂದು ಓಬವ್ವನ್ನ ಮಾಡಿ ತಂದೆ. ಮೂಗು ಸ್ವಲ್ಪ ದಪ್ಪ ಆಗಿತ್ತು, ಸೀರೆಗೆ ನಿಮ್ಮ ಮನೆಯ ಅರಿಶಿನ ಬಳಿದಿದ್ದೆ, ಕೈಯಲ್ಲಿ ಬೆಂಕಿಕಡ್ಡಿಯ ಒನಕೆ. ಅಜ್ಜಿ ಏನನ್ನುತ್ತಾಳೋ ಅಂತ ನಾನು ಹೆದರಿದ್ದೆ. ಅವಳು ಎತ್ತಿ ನೋಡಿ, "ಇರಲಿ ಬಿಡು, ಬಾಣಂತಿ ಮನೆಗೆ ಒಬ್ಬ ಗಟ್ಟಿ ಹೆಂಗಸು ಬೇಕಾಗುತ್ತೆ" ಅಂತ ಕಿಂಡಿಯ ಪಕ್ಕ ಅವಳೇ ನಿಲ್ಲಿಸಿದಳು. ಅವತ್ತಿಂದ ಓಬವ್ವ ನಮ್ಮ ಗೋದಲಿಯಲ್ಲಿದ್ದಾಳೆ. ಮಗು ಯೇಸುವನ್ನು ನೋಡೋಕೆ ಬಂದ ಮೂವರು ಜೋಯಿಸರ ಬೊಂಬೆಗಳಿಗಿಂತ ಸೀನಿಯರ್ರು, ಅವರನ್ನು ಎರಡು ಸಲ ಬದಲಾಯಿಸಿದ್ದೇವೆ. ಮನೆ ನೋಡೋಕೆ ಬಂದ ಒಬ್ಬ ಫಾದರ್ ಇದನ್ನೆಲ್ಲ ನೋಡಿ ನಕ್ಕು, ಬೆತ್ಲೆಹೇಮಿನ ಚರ್ಚು ನಿಂತಿರುವುದೂ ಒಂದು ಗುಹೆಯ ಮೇಲೆಯೇ, ನಿಮ್ಮಜ್ಜ ತಪ್ಪೇನೂ ಮಾಡಿಲ್ಲ ಅಂದರು. ಓಬವ್ವನ ಬಗ್ಗೆ ಮಾತಾಡಲಿಲ್ಲ.

ಅಡುಗೆಮನೆ ಕಥೆ ಈಗ ಬೇರೆಯಾಗಿದೆ. ಹೆಂಡತಿ ಮಂಗಳೂರು ಕಡೆಯವಳು, ಮನೆಮಾತು ಕೊಂಕಣಿ. ಅವಳ ಪಾಲಿಗೆ ಕ್ರಿಸ್‌ಮಸ್ ಅಂದರೆ ಕುಸ್ವಾರ್, ಅಂದರೆ ತಿಂಡಿಗಳ ಒಂದು ದೊಡ್ಡ ತಟ್ಟೆ. ಅಮ್ಮನಿಗೆ ಕ್ರಿಸ್‌ಮಸ್ ಅಂದರೆ ಕರ್ಚಿಕಾಯಿ, ಚಕ್ಕಲಿ, ಶಂಕರಪೋಳಿ. ಮದುವೆಯಾದ ಮೊದಲ ವರ್ಷ ಹೆಂಡತಿ ನೆವ್ರಿ ಮಾಡಿದಾಗ ಅಮ್ಮ ಒಂದು ಮುರಿದು ನೋಡಿ, "ಇದು ಕರ್ಚಿಕಾಯಿನೇ ಅಲ್ವಾ, ಒಳಗೆ ಪುಟಾಣಿ ಹಿಟ್ಟು ಹಾಕೋದು ಮರೆತಿದ್ದಾಳೆ" ಅಂದಳು. ಆಮೇಲೆ ಕಿಡಿಯೊ. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಚೆನ್ನಾಗಿದೆ ಅಂತ ಅಮ್ಮ ನಾಲ್ಕು ತಿಂದಮೇಲೆ ಕಿಡಿಯೊ ಅಂದರೆ ಹುಳಗಳು ಅಂತ ನಾನು ಅರ್ಥ ಹೇಳಿದೆ. ಹೇಳಬಾರದಿತ್ತು.

ಇಬ್ಬರೂ ಜಗಳವಿಲ್ಲದೆ ಒಟ್ಟಿಗೆ ಮಾಡುವುದು ಒಂದೇ, ಅಚ್ಚಿನ ಹೂವು. ಪೇಟೆಯಲ್ಲಿ ರೋಸ್ ಕುಕೀಸ್ ಅಂತ ಪ್ಯಾಕೆಟ್ಟಲ್ಲಿ ಸಿಗುತ್ತಲ್ಲ, ಅದು. ಅಜ್ಜಿಯ ಕಬ್ಬಿಣದ ಅಚ್ಚು ಇನ್ನೂ ಇದೆ, ಉದ್ದ ಹಿಡಿಯದ್ದು. ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿಡಬೇಕು. ಮೈದಾ, ಅಕ್ಕಿಹಿಟ್ಟು, ಮೊಟ್ಟೆ, ಸಕ್ಕರೆ, ತೆಂಗಿನ ಹಾಲು, ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದೆಯೋ, ಹಿಟ್ಟು ಅಚ್ಚನ್ನು ತಬ್ಬಿಕೊಂಡು ಬಿಡುತ್ತದೆ, ಆಮೇಲೆ ಚಾಕುವಿನಲ್ಲಿ ಕೆರೆಯಬೇಕು. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಸರಿ ಇದ್ದಾಗ "ಸುಂಯ್" ಅಂತ ಒಂದು ಸದ್ದು ಬರುತ್ತದೆ, ಅಜ್ಜಿ ಆ ಸದ್ದು ಕೇಳಿಯೇ ನಡುಮನೆಯಿಂದ "ಹಾಂ, ಈಗ ಸರಿ ಆಯ್ತು" ಅನ್ನುತ್ತಿದ್ದಳು. ಮತ್ತೆ ಎಣ್ಣೆಗಿಳಿಸಿ ಮೆಲ್ಲಗೆ ಅಲ್ಲಾಡಿಸಿದರೆ ಹೂವು ತಾನಾಗಿ ಕಳಚಿಕೊಂಡು ತೇಲುತ್ತದೆ. ಮೊದಲ ಮೂರು ಯಾವತ್ತೂ ಕೆಡುತ್ತವೆ. ಆ ಮೂರು ನಮ್ಮಿಬ್ಬರ ಪಾಲು ಅಂತ ಕಾನೂನೇ ಇತ್ತಲ್ಲ.

ನಿಮ್ಮ ಮನೆಗೆ ಹೋಗುವ ಡಬ್ಬಿ ಈಗಲೂ ಹೋಗುತ್ತಿದೆ. ಮೊಟ್ಟೆ ಹಾಕಿದ್ದು ಬೇರೆ ಎಣ್ಣೆ, ನಿಮ್ಮ ಮನೆಯದು ಬೇರೆ ಎಣ್ಣೆ, ಅದೂ ಮೊದಲು ಕರಿಯುವುದು ನಿಮ್ಮದೇ. ದೀಪಾವಳಿಗೆ ನಿಮ್ಮಮ್ಮ ಕಳಿಸಿದ ಸ್ಟೀಲ್ ಡಬ್ಬಿಯನ್ನು ಅಮ್ಮ ತೊಳೆದು ಎತ್ತಿಟ್ಟಿರುತ್ತಾಳೆ, ಖಾಲಿ ವಾಪಸ್ ಕೊಡಬಾರದು ಅಂತ. ಕ್ರಿಸ್‌ಮಸ್‌ಗೆ ಅದರಲ್ಲೇ ಕರ್ಚಿಕಾಯಿ. ನಿಮ್ಮಮ್ಮನೂ ಅದನ್ನು ಖಾಲಿ ಕೊಡಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿ ಬರುತ್ತದೆ. ಆ ಡಬ್ಬಿ ನಿಜವಾಗಿ ಯಾರದು ಅಂತ ಈಗ ಇಬ್ಬರಿಗೂ ಗೊತ್ತಿಲ್ಲ.

ಕೇಕಿನ ಬಗ್ಗೆ ಕೇಳಬೇಡ. 1883ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಅನ್ನುವವರು ಮಾಡಿದ್ದೇ ಈ ದೇಶದ ಮೊದಲ ಕ್ರಿಸ್‌ಮಸ್ ಕೇಕು ಅಂತ ಹೇಳುತ್ತಾರೆ, ಹಾಗಾಗಿ ಕೇಕೂ ನಮ್ಮ ಕರಾವಳಿ ಕಡೆಯದೇ ಅಂತ ಹೆಂಡತಿಯ ವಾದ. ಅವಳ ಮಾತು ಕೇಳಿ ಹೋದ ವರ್ಷ ಒಂದು ಬೇಕರಿಗೆ ಆರ್ಡರ್ ಕೊಟ್ಟೆ. 24ರ ಸಂಜೆ ಜನವೋ ಜನ, ಹುಡುಗ ಡಬ್ಬಿ ಕಟ್ಟಿ ಕೈಗಿಟ್ಟ, ತೆಗೆದು ನೋಡಲಿಲ್ಲ. ರಾತ್ರಿ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಎಲ್ಲರೂ ಸುತ್ತ ಕೂತು ಮುಚ್ಚಳ ತೆಗೆದರೆ "ಹ್ಯಾಪಿ ಮ್ಯಾರೀಡ್ ಲೈಫ್". ನಮ್ಮ "ಮೆರ್ರಿ ಕ್ರಿಸ್‌ಮಸ್" ಯಾವ ಮದುಮಕ್ಕಳ ಮುಂದೆ ಕೂತಿತ್ತೋ! ಅಪ್ಪ ಮಾತ್ರ ಗಂಭೀರವಾಗಿ ಅಮ್ಮನ ಕೈಗೆ ಚಾಕು ಕೊಟ್ಟು "ಬಾ, ಕತ್ತರಿಸೋಣ" ಅಂದ.

ಪ್ಲಾಸ್ಟಿಕ್ ಗಿಡ ನನಗೆ ಆಗಿಬರಲ್ಲ. ಸಾಂತಾನೂ ಅಷ್ಟೆ. ಮಧ್ಯಾಹ್ನದ ಬಿಸಿಲಲ್ಲಿ ಹತ್ತಿ ಗಡ್ಡ ಕಟ್ಟಿಕೊಂಡು ಬೆವರುವ ಆ ಮನುಷ್ಯನನ್ನು ಕಂಡರೆ ನೀರು ಕೊಡೋಣ ಅನಿಸುತ್ತದೆ, ಬೇರೇನೂ ಅನಿಸಲ್ಲ. ಮಗಳಿಗೆ ಇಷ್ಟ, ಇರಲಿ.

ನನಗೆ ಇಷ್ಟವಾದ ಹೊತ್ತು ಯಾವುದು ಹೇಳಲಾ? 24ರ ರಾತ್ರಿ ಎಂಟರಿಂದ ಹತ್ತು. ಕರಿಯೋದು ಮುಗಿದು ಒಲೆ ಆರಿಸಿರುತ್ತಾರೆ. ಹೊಸ ಬಟ್ಟೆ ಇಸ್ತ್ರಿಯಾಗಿ ಮಂಚದ ಮೇಲೆ. ಮಾಳಿಗೆ ಮೇಲೆ ಬಿದಿರು ಕಡ್ಡಿಯ ನಕ್ಷತ್ರ. ಗೋದಲಿ ಪೂರ್ತಿ ರೆಡಿ, ಆದರೆ ನಡುವಿನ ಹುಲ್ಲಿನ ಜಾಗ ಖಾಲಿ. ಬಾಲಯೇಸುವನ್ನು ಇಡುವುದು ಪೂಜೆ ಮುಗಿಸಿ ಬಂದಮೇಲೆ, ಅಲ್ಲಿಯವರೆಗೆ ಎಲ್ಲಾದರೂ ಬಚ್ಚಿಡಬೇಕು. ಮರಿಯಮ್ಮ, ಜೋಸೆಫ್, ಎತ್ತು, ಕತ್ತೆ, ಓಬವ್ವ, ಎಲ್ಲರೂ ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತಿರುತ್ತಾರೆ. ನಾನು ಲೈಟ್ ಆರಿಸಿ ಸುಮ್ನೆ ಒಂದು ಹತ್ತು ನಿಮಿಷ ಕೂರುತ್ತೇನೆ. ಅಜ್ಜಿ ತೀರಿಕೊಂಡ ವರ್ಷ ಮಗುವನ್ನು ಎಲ್ಲಿಟ್ಟಿದ್ದಾಳೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅದು ಯಾವಾಗಲೂ ಅವಳ ಕೆಲಸ. ಪೆಟ್ಟಿಗೆ, ಬೀರು, ದೇವರ ಗೂಡು ಎಲ್ಲ ಹುಡುಕಿದೆವು. ಆ ಸಲ ಜಾಗ ಖಾಲಿಯೇ ಉಳಿಯಿತು. ಜನವರಿಯಲ್ಲಿ ಅಮ್ಮ ರಾಗಿ ಬೀಸೋಕೆ ಹಾಕಬೇಕು ಅಂತ ಡಬ್ಬಿ ಬಗ್ಗಿಸಿದಾಗ ತಳದಿಂದ ಮಗು ಬಿತ್ತು. ಅಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಹಾಗೇ ಕೂತಿದ್ದಳು. ಈಗಲೂ ಅದೇ ಡಬ್ಬಿಯಲ್ಲೇ ಇಡುತ್ತೇವೆ.

ಹಾಗಾಗಿ ನೀನು 23ಕ್ಕೆ ಬಾ. ಬೆಂಗಳೂರಿಂದ ಹುಬ್ಬಳ್ಳಿ ಜನಶತಾಬ್ದಿ ಹತ್ತಿದರೆ ಆಯ್ತು, ಸ್ಟೇಷನ್‌ಗೆ ನಾನು ಬರುತ್ತೇನೆ. 25ರ ಬೆಳಗ್ಗೆ ಮನೆಯಲ್ಲಿ ಎಲ್ಲರೂ ಮಲಗಿರುವಾಗ ನಾವಿಬ್ಬರೂ ಬೆಣ್ಣೆ ದೋಸೆಗೆ ಹೋಗೋಣ. ಮೇಲೆ ಬೆಣ್ಣೆ ಇನ್ನೂ ಕರಗದೆ ಕೂತಿರುವಾಗಲೇ ಮೊದಲ ತುತ್ತು ಮುರಿಯಬೇಕು. ಆ ಒಂದು ಕಾರಣಕ್ಕೆ 25ನೇ ತಾರೀಕನ್ನು ಕ್ಷಮಿಸುತ್ತೇನೆ.

ಇನ್ನೊಂದು ಕೆಲಸ ಇದೆ. ನಿನ್ನೆ ಅಟ್ಟದಿಂದ ಪೆಟ್ಟಿಗೆ ಇಳಿಸಿದೆವು. ಓಬವ್ವನ ಒನಕೆ ಮುರಿದಿದೆ, ಬಲಗೈ ಬೆರಳೂ ಹೋಗಿದೆ. ಮಗಳು ಊದುಬತ್ತಿ ಕಡ್ಡಿ ಸಿಕ್ಕಿಸಿದ್ದಾಳೆ, ಪೂಜೆ ಮಾಡಲು ನಿಂತವಳ ಹಾಗೆ ಕಾಣುತ್ತಾಳೆ. ನಾನು ಮುಟ್ಟಿಲ್ಲ, ಮೂಗು ಕೆಡಿಸಿಬಿಡುತ್ತೇನೆ. ಜೇಡಿಮಣ್ಣು ತಂದಿಟ್ಟಿದ್ದೇನೆ, ಬೆಂಕಿಪೊಟ್ಟಣವೂ ಇದೆ. ಅರಿಶಿನ ಮಾತ್ರ ನಿಮ್ಮ ಮನೆಯಿಂದಲೇ ತಗೊಂಡು ಬಾ.

ನಿನ್ನ ದೋಸ್ತ,
ದಾವಣಗೆರೆ