ಸೆಕೆಂಡು ಮುಳ್ಳಿರುವ ಒಂದು ವಾಚ್‌ಗಾಗಿ ಮನವಿ

ಮಾನ್ಯರೇ,

ಉಡುಪಿಯಲ್ಲಿ 28 ವರ್ಷ ನರ್ಸಿಂಗ್ ಕಲಿಸಿದ ನಮ್ಮ ಮೇಡಂ ಈ ವರ್ಷ ನಿವೃತ್ತರಾದರು. ಸನ್ಮಾನ ಮಾಡುತ್ತೇವೆಂದು ಹೋದರೆ ಶಾಲು, ಹಾರ ಯಾವುದೂ ಬೇಡವೆಂದರು. "ಆ ದುಡ್ಡಲ್ಲಿ ಹೊಸ ಮಕ್ಕಳಿಗೆ ವಾಚ್ ತೆಗೆದುಕೊಡಿ" ಎಂದರು. ಅವರ ಹಳೆ ವಿದ್ಯಾರ್ಥಿಗಳಾದ ನಾವು ಕಟ್ಟಿಕೊಂಡ ಟ್ರಸ್ಟ್ ಈಗ ನಿಮ್ಮ ಮುಂದೆ ಬಂದಿರುವುದು ಅದಕ್ಕಾಗಿ.

ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾಗೆ ಸೇರುವ ಮಕ್ಕಳ ಕೈಯಲ್ಲಿ ಈಗ ಮೊಬೈಲ್ ಇರುತ್ತದೆ, ವಾಚ್ ಇರುವುದಿಲ್ಲ. ರೋಗಿಯ ನಾಡಿ ಹಿಡಿದುಕೊಂಡು ಮೊಬೈಲ್ ನೋಡುತ್ತಾ ನಿಲ್ಲುವುದು ಸರಿಯಲ್ಲ. ಮೊದಲ ವರ್ಷದಲ್ಲಿ ನಾನೊಮ್ಮೆ ಅರ್ಧ ನಿಮಿಷ ಎಣಿಸಿ, ದುಪ್ಪಟ್ಟು ಮಾಡಿ, ಚಾರ್ಟಿನಲ್ಲಿ 76 ಎಂದು ಬರೆದಿದ್ದೆ. ಮೇಡಂ ಬೈಯಲಿಲ್ಲ. ಅದೇ ಅಜ್ಜನ ಮಣಿಕಟ್ಟಿನ ಮೇಲೆ ಮತ್ತೆ ನನ್ನ ಮೂರು ಬೆರಳು ಇಡಿಸಿ ಪೂರ್ತಿ 60 ಸೆಕೆಂಡು ಎಣಿಸಲು ಹೇಳಿದರು. ನಲವತ್ತು ದಾಟಿದ ಮೇಲೆ ಒಂದು ಬಡಿತ ತಪ್ಪಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅವತ್ತೇ ಅಜ್ಜನಿಗೆ ಇಸಿಜಿ ಆಯಿತು. ನಾಡಿ ಮುಗಿದರೂ ಕೈ ಬಿಡಬೇಡಿ, ಹಾಗೇ ಹಿಡಿದುಕೊಂಡು ಎದೆ ನೋಡಿ ಉಸಿರು ಎಣಿಸಿ ಎನ್ನುತ್ತಿದ್ದರು. ಉಸಿರು ಎಣಿಸುತ್ತಿದ್ದೇವೆಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ವಿಜಯಪುರ, ರಾಯಚೂರು ಕಡೆಯಿಂದ ಬಂದವರಿಗೆ ಔಷಧಿಗಳ ಹೆಸರಿಗಿಂತ ಮೊದಲು "ಒಣಸ್ ಆಂಡಾ?" (ಊಟ ಆಯಿತಾ?), "ಬೇನೆ ಓಲು?" (ನೋವು ಎಲ್ಲಿ?) ಎಂದು ತುಳುವಿನಲ್ಲಿ ಕೇಳಲು ಕಲಿಸುತ್ತಿದ್ದರು.

ಅವರ ಮನೆ ಶಂಕರಪುರದ ಹತ್ತಿರ. ಬೆಳಗಾಗುತ್ತಲೇ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿಟ್ಟು, ಆಮೇಲೆ ಬಸ್ಸು ಹತ್ತುತ್ತಿದ್ದರು. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ದರ ಹೇಳುವುದು ಅಟ್ಟೆಯ ಲೆಕ್ಕದಲ್ಲೇ. ಮದುವೆ ಸೀಸನ್ನಿನಲ್ಲಿ ದರ ಏರಿದಾಗ ಬಂದ ಆ ಹೂವಿನ ದುಡ್ಡಿನಲ್ಲೇ ವಾಚ್ ಇಲ್ಲದವರಿಗೆ ವಾಚ್, ಬೂಟು ಹರಿದವರಿಗೆ ಬೂಟು ತರುತ್ತಿದ್ದರು. ಕಾಲೇಜಿನವರೇ ಕೊಡುವುದೆಂದು ನಾವೆಲ್ಲ ತಿಳಿದಿದ್ದೆವು. ನನ್ನ ಮೊದಲ ವಾಚೂ ಹೀಗೇ ಬಂದದ್ದೆಂದು ಗೊತ್ತಾಗುವಾಗ ನಾನು ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದಿತ್ತು. ಈಗ ಅವರಿಗೆ ಮಂಡಿನೋವು, ಬಗ್ಗಿ ಹೂ ಕೊಯ್ಯಲಾಗುವುದಿಲ್ಲ.

ಈ ಸಾಲಿನಲ್ಲಿ ಕಷ್ಟದಲ್ಲಿರುವ 40 ಮಕ್ಕಳಿಗೆ ಸೆಕೆಂಡು ಮುಳ್ಳಿನ ವಾಚ್, ಸ್ಟೆತಸ್ಕೋಪ್, ಒಂದು ಜೊತೆ ಬಿಳಿ ಬೂಟು ಕೊಡಬೇಕೆಂದಿದ್ದೇವೆ. ಒಬ್ಬರಿಗೆ 2,500 ರೂ. ತಗಲುತ್ತದೆ. ಒಂದು ವಾಚಿನ 500 ರೂ. ಕೊಟ್ಟರೂ ನಮಗೆ ದೊಡ್ಡ ಉಪಕಾರ. ಬ್ಯಾಂಕ್ ಖಾತೆಯ ವಿವರ ಮತ್ತು ಕ್ಯೂಆರ್ ಕೋಡ್ ಈ ಪತ್ರದ ಜೊತೆಗಿದೆ. ಪ್ರತಿ ದೇಣಿಗೆಗೂ ರಶೀದಿ ಕೊಡುತ್ತೇವೆ. ಮಕ್ಕಳು ದೀಪ ಹಿಡಿದು ನರ್ಸಿಂಗ್ ಸೇವೆಯ ಪ್ರತಿಜ್ಞೆ ಮಾಡಿದ ಮರುದಿನವೇ ವಾರ್ಡಿಗೆ ಹೋಗುತ್ತಾರೆ. ಅಷ್ಟರೊಳಗೆ ವಾಚ್ ಅವರ ಕೈಯಲ್ಲಿರಬೇಕು.

ಇಂತಿ,
ಕಾರ್ಯದರ್ಶಿ,
ಹಳೆ ವಿದ್ಯಾರ್ಥಿಗಳ ಟ್ರಸ್ಟ್, ಉಡುಪಿ