ಹೆಸರು ಹೇಳದೆ ಹೋದ ಅಣ್ಣನಿಗೆ

ಕಳೆದ ಜುಲೈನಲ್ಲಿ ಒಂದು ರಾತ್ರಿ ಮಡಿಕೇರಿಯ ಆಸ್ಪತ್ರೆಗೆ ಬಂದು ರಕ್ತ ಕೊಟ್ಟ ಅಣ್ಣ, ಇದು ನಿಮಗೆ.

ಹೆರಿಗೆಯಾದ ಮೇಲೆ ನನ್ನ ತಂಗಿಗೆ ರಕ್ತ ಹೋಗೋದು ನಿಲ್ಲಲೇ ಇಲ್ಲ. ಅವಳದು ಓ ನೆಗೆಟಿವ್. ಈ ಗುಂಪಿನವರಿಗೆ ಅದೇ ಗುಂಪಿನ ರಕ್ತವೇ ಆಗಬೇಕು. ಬ್ಲಡ್ ಬ್ಯಾಂಕಿನಲ್ಲಿ ಇದ್ದದ್ದು ಒಂದೇ ಯೂನಿಟ್. ಇನ್ನೂ ಬೇಕಾಗಬಹುದು ಅಂದರು ಡಾಕ್ಟರ್. ನಮ್ಮೂರ ಯುವಕ ಸಂಘಕ್ಕೆ ಫೋನ್ ಮಾಡಿದೆವು. ಶಿಬಿರದಲ್ಲಿ ರಕ್ತ ಕೊಟ್ಟವರ ಗುಂಪು, ನಂಬರ್ ಎಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ನೀವು ವಿರಾಜಪೇಟೆಯಿಂದ ಮೂರ್ನಾಡು ದಾಟಿ ಬೈಕಿನಲ್ಲೇ ಬಂದಿರಿ. ಮಳೆ ಅಂದರೆ ಅಂಥಾ ಮಳೆ. ಜರ್ಕಿನ್ನಿಂದ ನೀರು ತೊಟ್ಟಿಕ್ಕುತ್ತಿತ್ತು, ಬೆರಳುಗಳು ಚಳಿಗೆ ಬಿಳಚಿಕೊಂಡಿದ್ದವು. ನರ್ಸ್ ಟವೆಲ್ ಕೊಟ್ಟರೆ ತಲೆ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ: "ಮಗು ಹೇಗಿದೆ?" 350 ಮಿಲಿ ಕೊಟ್ಟಿರಿ, ಬಿಸಿ ಕಾಫಿ ಕುಡಿದಿರಿ, ಹೊರಟೇಬಿಟ್ಟಿರಿ. ಹೆಸರು ಕೇಳಿದ್ದಕ್ಕೆ "ಇರಲಿ ಬಿಡಿ ಅಕ್ಕ" ಅಂದಿರಿ. ಸಂಘದವರೂ ಹೇಳಲಿಲ್ಲ. ನೀವೇ ಬೇಡ ಅಂದಿದ್ದಿರಂತೆ.

ಕೊಟ್ಟ ರಕ್ತವನ್ನು ಎಚ್‌ಐವಿ, ಕಾಮಾಲೆ, ಮಲೇರಿಯಾ ಅಂತೆಲ್ಲ ಪರೀಕ್ಷೆ ಮಾಡಿಯೇ ಏರಿಸಬೇಕು, ಅದಕ್ಕೆ ಗಂಟೆಗಳೇ ಬೇಕು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅಷ್ಟು ಹೊತ್ತು ತಂಗಿಯನ್ನು ಹಿಡಿದಿಟ್ಟದ್ದು ಆ ಒಂದು ಯೂನಿಟ್. ಅದನ್ನು ಯಾರೋ ಮೊದಲೇ ಕೊಟ್ಟು ಹೋಗಿದ್ದರು. ಅವರಿಗೂ ಕೈ ಮುಗಿಯುತ್ತೇನೆ. ಬೆಳಗಿನ ಜಾವ ನಿಮ್ಮದು ಏರಿತು.

ಪಾಪು ಈಗ ಅಂಬೆಗಾಲಿಡುತ್ತಾಳೆ. ಈ ಕಡೆ ಬಂದರೆ ಮನೆಗೆ ಬನ್ನಿ ಅಣ್ಣ. ಸಂಘದವರ ಹತ್ತಿರ ನಮ್ಮ ವಿಳಾಸ ಇದೆ.